ಯೆಲ್ಲೋ, ಆರೆಂಜ್, ರೆಡ್ ಮತ್ತು ಗಿರಿಜಮ್ಮ

ಮಳೆಗಾಲ ಶುರುವಾಯಿತೆಂದರೆ ನನಗೊಂದು ಚಟ ಅಂಟಿಕೊಳ್ಳುತ್ತದೆ. ಬೆಳಿಗ್ಗೆ ಕಣ್ಣು ಬಿಟ್ಟ ಕೂಡಲೇ ದಿಂಬಿನ ಪಕ್ಕದ ಫೋನ್ ತೆಗೆದು, ಇವತ್ತು ಹವಾಮಾನ ಇಲಾಖೆಯವರು ನಮ್ಮ ಜಿಲ್ಲೆಗೆ ಯಾವ ಬಣ್ಣ ಬಳಿದಿದ್ದಾರೆ ಎಂದು ನೋಡುವುದು. ಕಿಟಕಿ ಒಂದು ಮಾರು ದೂರದಲ್ಲಿದೆ. ಪರದೆ ಸರಿಸಿದರೆ ಕೊಟ್ಟಿಗೆಹಾರದ ಮಳೆ ಎದುರಿಗೇ ಕಾಣುತ್ತದೆ. ಆದರೂ ಮೊದಲು ಫೋನು, ಆಮೇಲೆ ಕಿಟಕಿ. ಫೋನಿನಲ್ಲಿ ಹಳದಿ ಇದ್ದು ಹೊರಗೆ ಧೋ ಎಂದು ಸುರಿಯುತ್ತಿದ್ದರೆ, ತಪ್ಪು ಮಳೆಯದ್ದೇ ಇರಬೇಕು ಅನ್ನಿಸುವ ಮಟ್ಟಕ್ಕೆ ಈ ಚಟ ಬೆಳೆದಿದೆ.

ನಾನು ಬಾಳೂರಿನ ಆಚೆಗಿರುವ ಒಂದು ಸಣ್ಣ ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕಿ. ದೊಡ್ಡದಾಗಿ ಏನೂ ಕಲ್ಪಿಸಿಕೊಳ್ಳಬೇಡಿ. ಅಲ್ಲಿರುವ ಶಿಕ್ಷಕಿ ನಾನೊಬ್ಬಳೇ. ಹಾಗಾಗಿ ಮುಖ್ಯಳೂ ನಾನೇ, ಅಮುಖ್ಯಳೂ ನಾನೇ. ಒಂದರಿಂದ ಐದನೇ ತರಗತಿಯವರೆಗೆ ಇಪ್ಪತ್ತೆರಡು ಮಕ್ಕಳು. ಹೆಚ್ಚಿನವರು ಸುತ್ತಲಿನ ಕಾಫಿ ಎಸ್ಟೇಟುಗಳ ಕೂಲಿಕಾರರ ಲೈನ್ ಮನೆಗಳಿಂದ ಬರುವವರು. ಬಿಸಿಯೂಟಕ್ಕೆ ಗಿರಿಜಮ್ಮ ಇದ್ದಾರೆ. ಕೊಟ್ಟಿಗೆಹಾರದಿಂದ ಕಳಸದ ಕಡೆಗೆ ಹೋಗುವ ಬೆಳಗಿನ ಬಸ್ಸು ಹಿಡಿದು, ಇಳಿದು, ಒಂದು ಏರು ಹತ್ತಿದರೆ ನನ್ನ ಶಾಲೆ. ಬಸ್ಸಿನಲ್ಲಿ ಕೂತವರೆಲ್ಲ ನನ್ನನ್ನು ಕೇಳುವ ಮೊದಲ ಪ್ರಶ್ನೆ, “ಟೀಚರ್, ಇವತ್ತು ಯಾವ ಅಲರ್ಟು?”

ಈ ಬಣ್ಣಗಳ ಅರ್ಥ ನಮ್ಮಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಒಮ್ಮೆ ಪರಿಸರ ಅಧ್ಯಯನದ ಪಾಠ ಮಾಡುವಾಗ ಮಕ್ಕಳನ್ನು ಕೇಳಿದೆ. ನಾಲ್ಕನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, ಹಳದಿ ಅಂದರೆ ಶಾಲೆ ಇದೆ, ಆರೆಂಜ್ ಅಂದರೆ ಶಾಲೆ ಇದೆಯೋ ಇಲ್ಲವೋ ಗೊತ್ತಿಲ್ಲ, ಕೆಂಪು ಅಂದರೆ ಶಾಲೆ ಇಲ್ಲ ಎಂದಳು. ಇನ್ನೊಬ್ಬ, ಅದು ಕಾಫಿ ಹಣ್ಣಿನ ಹಾಗೆ, ಹಸಿರಿದ್ದರೆ ಬಿಡಬೇಕು, ಕೆಂಪಾದರೆ ಕುಯ್ಯಬೇಕು ಎಂದ. ನಾನು ಇಬ್ಬರಿಗೂ ಶಹಭಾಸ್ ಹೇಳಿ ಕೂರಿಸಿದೆ. ನನ್ನ ತಿಳಿವಳಿಕೆಯೂ ಅದಕ್ಕಿಂತ ಮುಂದೆ ಹೋಗಿರಲಿಲ್ಲ.

ಮೂಡಿಗೆರೆಯಲ್ಲಿ ಒಮ್ಮೆ ಶಿಕ್ಷಕರಿಗೆಲ್ಲ ಅರ್ಧ ದಿನದ ತರಬೇತಿ ಇಟ್ಟಿದ್ದರು. ಮಳೆ, ಪ್ರವಾಹ, ಗುಡ್ಡಕುಸಿತ, ಮುನ್ನೆಚ್ಚರಿಕೆ. ಬಂದಿದ್ದ ಅಧಿಕಾರಿ ಚೆನ್ನಾಗಿಯೇ ಹೇಳಿದರು. ಹಳದಿ ಎಂದರೆ ಗಮನವಿರಲಿ, ಆರೆಂಜ್ ಎಂದರೆ ಸಿದ್ಧರಾಗಿರಿ, ಕೆಂಪು ಎಂದರೆ ಕ್ರಮ ಕೈಗೊಳ್ಳಿ. ಬಣ್ಣ ಬರೀ ಮಳೆಯ ಅಳತೆಯಲ್ಲ, ನೀವು ಏನು ಮಾಡಬೇಕು ಎಂಬ ಸೂಚನೆ. ರಜೆ ಕೊಡುವುದು ಬಿಡುವುದು ಜಿಲ್ಲಾಧಿಕಾರಿಗಳ ಕೆಲಸ, ಬಣ್ಣದ ಕೆಲಸವಲ್ಲ ಎಂದೂ ಹೇಳಿದರು. ಇಷ್ಟು ಕೇಳಿಸಿಕೊಂಡೆ. ಅಷ್ಟರಲ್ಲಿ ಹಿಂದಿನ ಬಾಗಿಲಿನಿಂದ ಬಿಸಿ ಗೋಳಿಬಜೆಯ ವಾಸನೆ ಬಂತು. ಅಲ್ಲಿಂದ ಮುಂದೆ ಅವರು ಹೇಳಿದ್ದು ನನ್ನ ಕಿವಿಗೆ ಬಿದ್ದಿರಬಹುದು, ತಲೆಗೆ ಹೋಗಲಿಲ್ಲ. ಹೊರಡುವಾಗ ಎಲ್ಲರ ಕೈಗೂ ಒಂದೊಂದು ಕಿರುಪುಸ್ತಕ ಕೊಟ್ಟರು. ದಪ್ಪ ಕಾಗದ, ಒಳ್ಳೆಯ ಮುದ್ರಣ. ನಾನು ಅದರ ಪಿನ್ನು ಬಿಚ್ಚಿ ಹಾಜರಿ ಪುಸ್ತಕಕ್ಕೆ ಬೈಂಡು ಹಾಕಿದೆ.

ಮಳೆಯ ಲೆಕ್ಕ ನನಗೆ ಹೊಸದಲ್ಲ. ಅಪ್ಪ ಮೂಡಿಗೆರೆ ಕಡೆಯ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಕೂಲಿಯ ಹಾಜರಿ ಬರೆಯುವುದು, ಗೊಬ್ಬರದ ದಾಸ್ತಾನು ನೋಡುವುದು ಇವುಗಳ ಜೊತೆ ದಿನಾ ಬೆಳಿಗ್ಗೆ ಮಳೆ ಅಳೆಯುವುದೂ ಅವರ ಕೆಲಸ. ಕಣದ ಮೂಲೆಯಲ್ಲಿ ತಾಮ್ರದ ಆಲಿಕೆಯಿದ್ದ ಒಂದು ಡಬ್ಬಿ, ಅದರೊಳಗೊಂದು ಬಾಟಲಿ. ಬಾಟಲಿಯ ನೀರನ್ನು ಗೆರೆ ಹಾಕಿದ ಗಾಜಿನ ಲೋಟಕ್ಕೆ ಸುರಿದು, ಕಣ್ಣಿನ ಮಟ್ಟಕ್ಕೆ ಹಿಡಿದು ಓದಬೇಕು. ನೂರು ಸೆಂಟಿಗೆ ಒಂದು ಇಂಚು. ಅಪ್ಪ ಅಳೆಯುವಾಗ ಹೊಸ ಹನಿ ಲೋಟಕ್ಕೆ ಬೀಳದಂತೆ ಕೊಡೆ ಹಿಡಿದು ನಿಲ್ಲುವುದು ನನ್ನ ಕೆಲಸ. ಕೊಡೆ ಲೋಟಕ್ಕೆ; ನನಗೂ ಅಪ್ಪನಿಗೂ ಅಲ್ಲ.

ಅಪ್ಪ ಆಫೀಸಿಗೆ ಬರುವ ದಾರಿಯಲ್ಲಿ ಮೇಸ್ತ್ರಿಯಿಂದ ಹಿಡಿದು ಹಾಲು ತರುವವರವರೆಗೆ ಎಲ್ಲರೂ, “ಎಷ್ಟಾಯ್ತು ರೈಟ್ರೇ?” ಎಂದು ಕೇಳುತ್ತಿದ್ದರು. ಅಪ್ಪ “ನಾಲ್ಕು ಇಂಚು ಇಪ್ಪತ್ತು ಸೆಂಟು” ಎಂದರೆ ಅವರೇ ಸುರಿಸಿದರೇನೋ ಎನ್ನುವಂತೆ ಜನ ತಲೆದೂಗುತ್ತಿದ್ದರು. ಆಗ ನಮಗೆಲ್ಲ ಗೊತ್ತಿದ್ದದ್ದು ನಿನ್ನೆಯ ಮಳೆ. ಈಗ ಫೋನಿನಲ್ಲಿ ಗೊತ್ತಾಗುವುದು ನಾಳೆಯ ಮಳೆ. ಇವತ್ತಿನ ಮಳೆಯ ಬಗ್ಗೆ ಖಚಿತವಾಗಿ ಹೇಳುವವರು ಆಗಲೂ ಇರಲಿಲ್ಲ, ಈಗಲೂ ಇಲ್ಲ.

ಮೂರನೇ ತರಗತಿಯಲ್ಲಿದ್ದಾಗ, ಮಳೆ ಜಾಸ್ತಿಯಾದರೆ ಶಾಲೆಗೆ ರಜೆ ಕೊಡುತ್ತಾರೆಂದು ಯಾರೋ ಹೇಳಿದ್ದನ್ನು ನಂಬಿ, ಒಂದು ಮುಂಜಾನೆ ಆ ಡಬ್ಬಿಗೆ ಸ್ನಾನದ ತಂಬಿಗೆಯಿಂದ ನೀರು ಹೊಯ್ದೆ. ಅಪ್ಪ ಅಳೆದರು. ಒಂಬತ್ತು ಇಂಚಿಗೂ ಮೇಲೆ ಬಂತು. ಬರೆದರು. ಹತ್ತು ಗಂಟೆಗೆ ತೋಟದ ಸಾಹುಕಾರರು ಬಂದು, ಪಕ್ಕದ ಎಸ್ಟೇಟಿನಲ್ಲಿ ಬರೀ ಎರಡು ಇಂಚು ಅಂತಾರಲ್ಲ, ನಮ್ಮ ಬೇಲಿಯೊಳಗೆ ಮಾತ್ರ ಒಂಬತ್ತು ಹೇಗೆ ಬಿತ್ತು ಎಂದು ಕೇಳಿದರು. ಅಪ್ಪ ನನ್ನ ಮುಖ ನೋಡಿದರು. ನನ್ನ ಲಂಗ ಮೊಣಕಾಲಿನವರೆಗೆ ಒದ್ದೆಯಾಗಿತ್ತು. ಅವರು ಹೊಡೆಯಲಿಲ್ಲ. ಬರೆದದ್ದನ್ನು ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ಪಕ್ಕದಲ್ಲಿ ರುಜು ಮಾಡಿದರು. ಸಾಹುಕಾರರು ಹೋದ ಮೇಲೆ ನನ್ನನ್ನು ಕರೆದು ಹೇಳಿದರು: “ಸುಳ್ಳು ಮಳೆ ಒಂದ್ಸಲ ಬರೆದ್ರೆ ನಿಜದ ಮಳೆಯನ್ನೂ ಯಾರೂ ನಂಬಲ್ಲ ಮಗಾ.”

ಇದನ್ನು ಕೇಳಿಸಿಕೊಂಡು ಬೆಳೆದವಳು ನಾನು. ಆದರೂ ಮೂರು ವರ್ಷದ ಹಿಂದೆ ಮತ್ತೊಮ್ಮೆ ಅದೇ ಕೆಲಸ ಮಾಡಿದೆ, ಈ ಸಲ ತಂಬಿಗೆಯಿಲ್ಲದೆ. ಜುಲೈ ತಿಂಗಳ ಒಂದು ಬೆಳಿಗ್ಗೆ ಆರು ಗಂಟೆಗೆ ಫೋನಿಗೆ ಒಂದು ಆದೇಶ ಬಂತು. ಜಿಲ್ಲೆಯ ಹೆಸರಿತ್ತು, ಮೊಹರಿತ್ತು, ರೆಡ್ ಅಲರ್ಟ್ ಇರುವುದರಿಂದ ಶಾಲೆಗಳಿಗೆ ರಜೆ ಎಂದಿತ್ತು. ಹೊರಗೆ ಮಳೆಯೂ ಇತ್ತು. ನಾನು ಹಾಸಿಗೆಯಲ್ಲೇ ಕೂತು ಅದನ್ನು ಪೋಷಕರ ಗುಂಪಿಗೆ ಕಳಿಸಿ, ಮತ್ತೆ ಹೊದ್ದು ಮಲಗಿದೆ. ಹನ್ನೊಂದು ಗಂಟೆಗೆ ತಾಲ್ಲೂಕಿನ ಕಚೇರಿಯಿಂದ ಕರೆ. ಬಿಸಿಯೂಟದ ಮಕ್ಕಳ ಸಂಖ್ಯೆ ಇನ್ನೂ ಬಂದಿಲ್ಲವಲ್ಲ ಎಂದರು. ಇವತ್ತು ರಜೆ ಅಲ್ಲವಾ ಸರ್ ಎಂದೆ.

“ಯಾವ ವರ್ಷದ ರಜೆ ಮೇಡಂ?”

ಆದೇಶವನ್ನು ಆಗ ಹಿಗ್ಗಿಸಿ ನೋಡಿದೆ. ದಿನಾಂಕ ಸರಿಯಾಗಿಯೇ ಇತ್ತು. ವರ್ಷ ಮಾತ್ರ ಹಿಂದಿನದು. ಬರವಣಿಗೆಯಲ್ಲಿ ಸಮಜಾಯಿಷಿ ಕೊಟ್ಟೆ. ಅದಕ್ಕಿಂತ ನಾಚಿಕೆಯಾದದ್ದು ಮರುದಿನ. ಗಿರಿಜಮ್ಮನ ಹತ್ತಿರ ಗುಂಡಿ ಒತ್ತುವ ಹಳೆಯ ಫೋನು. ಅವರಿಗೆ ನನ್ನ ರಜೆ ತಲುಪಿರಲಿಲ್ಲ. ಎಂದಿನಂತೆ ಬಂದು, ಬೀಗ ತೆಗೆದು, ಇಪ್ಪತ್ತೆರಡು ಮಕ್ಕಳಿಗೆ ಅನ್ನಕ್ಕಿಟ್ಟು ಕಾದಿದ್ದರು. ಮಧ್ಯಾಹ್ನದವರೆಗೂ ಯಾರೂ ಬರದಿದ್ದಾಗ ಅನ್ನವನ್ನು ಹೊತ್ತು ಲೈನ್ ಮನೆಗಳಿಗೆ ಹಂಚಿ ಹೋದರಂತೆ. ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು. ಇನ್ನು ಮೇಲೆ ಮೇಲಿನಿಂದ ಆದೇಶ ಬಾರದೆ ಯಾವ ಬಣ್ಣವನ್ನೂ ನಂಬಿ ಏನನ್ನೂ ಮಾಡುವುದಿಲ್ಲ ಎಂದು ಅವತ್ತೇ ತೀರ್ಮಾನಿಸಿದೆ.

ಅದೇ ಮಳೆಗಾಲದಲ್ಲಿ ನಿಜವಾದ ರೆಡ್ ಅಲರ್ಟೂ ಎರಡು ಸಲ ಬಂತು, ರಜೆಯೂ ಸಿಕ್ಕಿತು. ಆದರೆ ನಮ್ಮ ಕಡೆ ಎರಡೂ ದಿನ ಬಿಸಿಲು. ಬಣ್ಣ ಬಳಿಯುವುದು ಇಡೀ ಜಿಲ್ಲೆಗೆ. ಅದೇ ಜಿಲ್ಲೆಯ ಕಡೂರಿನಲ್ಲಿ ಧೂಳೇಳುವ ದಿನವೂ ಕೊಟ್ಟಿಗೆಹಾರದಲ್ಲಿ ಕೊಡೆ ಮುರಿಯಬಹುದು ಎಂಬುದನ್ನು ಯೋಚಿಸುವ ತಾಳ್ಮೆ ಯಾರಿಗಿದೆ? ಕೊಟ್ಟಿಗೆಹಾರದ ಹೋಟೆಲಿನಲ್ಲಿ ನೀರ್‌ದೋಸೆ ತಿನ್ನುತ್ತಿದ್ದವರು, ಕಾಫಿ ಒಣಗಿಸಬೇಕಾದರೆ ರೆಡ್ ಅಲರ್ಟ್ ಕೇಳಿ ತರಿಸಿಕೊಳ್ಳಬೇಕು ಎಂದು ನಕ್ಕರು. ನಾನೂ ನಕ್ಕೆ.

ಹೇಳಬೇಕೆಂದಿದ್ದ ಸಂಗತಿ ನಡೆದದ್ದು ಮರುವರ್ಷದ ಆಗಸ್ಟಿನಲ್ಲಿ.

ನಮ್ಮ ಶಾಲೆ ಒಂದು ದಿಬ್ಬದ ಮೇಲಿದೆ. ಕೆಳಗೆ ಒಂದು ಹಳ್ಳ. ಹಳ್ಳದ ಆಚೆ ಎಸ್ಟೇಟಿನ ಹತ್ತು ಹನ್ನೆರಡು ಮನೆಗಳು. ಅಲ್ಲಿಂದ ಒಂಬತ್ತು ಮಕ್ಕಳು ಬರುತ್ತಾರೆ. ಅವರು ದಾಟುವುದು ಕಾಲುಸಂಕದ ಮೇಲೆ: ಎರಡು ಮರದ ದಿಮ್ಮಿ, ಅಡ್ಡಕ್ಕೆ ಹಲಗೆ, ಹಿಡಿದುಕೊಳ್ಳಲು ಒಂದು ಬದಿಗೆ ತಂತಿ. ಅದು ಬೇಡವೆಂದರೆ ಜೀಪಿನ ರಸ್ತೆಯಲ್ಲಿ ಸುತ್ತಿ ಬರಬೇಕು, ನಾಲ್ಕು ಕಿಲೋಮೀಟರ್. ಸಂಕದ ಮೇಲಾದರೆ ಹತ್ತು ನಿಮಿಷ.

ಅವತ್ತು ಆರೆಂಜ್. ರಜೆಯ ಆದೇಶ ಇರಲಿಲ್ಲ. ನಾನು ನನ್ನ ತೀರ್ಮಾನದಂತೆ ಬಸ್ಸು ಹತ್ತಿ ಹೋದೆ. ಹದಿನಾರು ಮಕ್ಕಳು ಬಂದಿದ್ದರು, ಹಳ್ಳದಾಚೆಯವರು ಏಳು. ಹನ್ನೊಂದು ಗಂಟೆಯ ಹೊತ್ತಿಗೆ ಮಳೆ ಎಷ್ಟು ಬಲವಾಯಿತೆಂದರೆ ಹಂಚಿನ ಸದ್ದು ಮತ್ತು ಹಳ್ಳದ ಸದ್ದು ಸೇರಿ ಮಗ್ಗಿ ಹೇಳಿಸುವುದೂ ಆಗಲಿಲ್ಲ. ಚಿತ್ರ ಬರೆಯಿರಿ ಎಂದೆ. ಊಟದ ಹೊತ್ತಿಗೆ ಜಗಲಿಯಿಂದ ನೋಡಿದರೆ ನೀರು ಸಂಕದ ಹಲಗೆಗೆ ತಾಗಿ ಹೋಗುತ್ತಿತ್ತು. ಹಳ್ಳದಾಚೆಯ ಮಕ್ಕಳನ್ನು ಯಾರಾದರೂ ದೊಡ್ಡವರು ರಸ್ತೆಯಲ್ಲಿ ಬಂದು ಕರೆದುಕೊಂಡು ಹೋಗುವವರೆಗೆ ಬಿಡುವುದಿಲ್ಲ ಎಂದು ಗಿರಿಜಮ್ಮನಿಗೆ ಹೇಳಿದೆ. ಅವರು ಸರಿ ಎಂದರು. ಅಲ್ಲಿಯವರೆಗೆ ನಾನು ಮಾಡಿದ್ದು ಸರಿಯಾಗಿಯೇ ಇತ್ತು.

ಎರಡೂವರೆ ಗಂಟೆಗೆ ನನಗೆ ಒಮ್ಮೆಲೇ ಮಕ್ಕಳ ಮಾತು ಸ್ಪಷ್ಟವಾಗಿ ಕೇಳತೊಡಗಿತು. ಹಂಚಿನ ಸದ್ದು ಹಾಗೇ ಇದ್ದರೂ. ಏನೋ ಹಗುರವಾದಂತೆ ಅನ್ನಿಸಿ ಹೊರಗೆ ಬಂದೆ. ಹಳ್ಳದ ಸದ್ದು ನಿಂತಿತ್ತು. ಊಟದ ಹೊತ್ತಿಗೆ ಹಲಗೆ ಮುಟ್ಟುತ್ತಿದ್ದ ನೀರು ತಳಕ್ಕಿಳಿದು, ಬಂಡೆಗಳ ಬೆನ್ನುಗಳು ಮೇಲೆದ್ದಿದ್ದವು. ಆ ಕಡೆಯಿಂದ ಸುರೇಶ ಸಂಕ ದಾಟಿ ಬರುತ್ತಿದ್ದ. ಅವನು ಎಸ್ಟೇಟಿನಲ್ಲಿ ಔಷಧಿ ಹೊಡೆಯುವ ಕೆಲಸದವನು. ಅವನ ಇಬ್ಬರು ಹೆಣ್ಣುಮಕ್ಕಳೂ ಅಣ್ಣನ ಮಗನೂ ನಮ್ಮ ಶಾಲೆಯವರು. ನೀರು ಇಳಿದಿದೆ, ಮತ್ತೆ ಏರುವುದರೊಳಗೆ ನಮ್ಮವರನ್ನೂ ಉಳಿದ ನಾಲ್ವರನ್ನೂ ನಾನೇ ದಾಟಿಸಿಬಿಡುತ್ತೇನೆ ಎಂದ. ನನಗೆ ಎಷ್ಟು ನಿರಾಳವಾಯಿತೆಂದರೆ, ಚೀಲಗಳಿಗೆ ಪ್ಲಾಸ್ಟಿಕ್ ಸುತ್ತಲು ನಾನೇ ಕೈಹಾಕಿದೆ. ಏಳು ಮಕ್ಕಳ ಹೆಸರು ಬರೆದು ಸುರೇಶನ ರುಜು ಪಡೆದೆ. ನಿಯಮ ಪಾಲಿಸಿದ ತೃಪ್ತಿಯಲ್ಲಿ ರಿಜಿಸ್ಟರು ಮುಚ್ಚಿದೆ.

ಗಿರಿಜಮ್ಮ ಹಿಂದುಗಡೆ ಪಾತ್ರೆ ತೊಳೆಯುತ್ತಿದ್ದವರು ಕೈ ಒರೆಸಿಕೊಳ್ಳುತ್ತ ಬಂದರು. ಆಚೆ ಕಡೆಯ ಮಕ್ಕಳೆಲ್ಲಿ ಎಂದು ಕೇಳಿದರು. ಹಳ್ಳ ಇಳಿಯಿತು, ಸುರೇಶನ ಜೊತೆ ಕಳಿಸಿದೆ ಎಂದೆ. ಅವರು ಸೂರಿನಿಂದ ಸುರಿಯುತ್ತಿದ್ದ ನೀರನ್ನೊಮ್ಮೆ ನೋಡಿದರು, ಕೆಳಗೆ ಹಳ್ಳವನ್ನೊಮ್ಮೆ ನೋಡಿದರು. ಆಮೇಲೆ ಓಡಿದರು.

ಗಿರಿಜಮ್ಮನಿಗೆ ಐವತ್ತೆಂಟು ದಾಟಿದೆ. ಮಂಡಿನೋವು. ಶಾಲೆಯ ಮೂರು ಮೆಟ್ಟಿಲನ್ನು ಅಡ್ಡ ತಿರುಗಿ ಒಂದೊಂದಾಗಿ ಇಳಿಯುವವರು. ಆರು ವರ್ಷದಲ್ಲಿ ಅವರು ಓಡಿದ್ದನ್ನು ನಾನು ನೋಡಿರಲಿಲ್ಲ. ಆ ಜಾರುವ ಇಳಿಜಾರಿನಲ್ಲಿ, ಕೊಡೆಯಿಲ್ಲದೆ, ಸೀರೆ ಎತ್ತಿ ಕಟ್ಟಿಕೊಂಡು ಓಡಿದರು. ಏನಾಯಿತೆಂದು ತಿಳಿಯದೆ, ಉಳಿದ ಮಕ್ಕಳಿಗೆ ಜಾಗ ಬಿಟ್ಟು ಏಳಬೇಡಿ ಎಂದು ಹೇಳಿ, ನಾನೂ ಹಿಂದೆ ಹೋದೆ. ನಾನು ಕೊಡೆ ತೆಗೆದುಕೊಂಡೆ. ಅದು ನಾಲ್ಕು ಹೆಜ್ಜೆಗೆ ಮೇಲ್ಮುಖವಾಗಿ ತಿರುಗಿಕೊಂಡಿತು.

ಹಳ್ಳ ಸುಮ್ಮನಿದ್ದದ್ದರಿಂದ ಅವರು ಕೂಗಿದ್ದು ಸುರೇಶನಿಗೆ ಕೇಳಿಸಿತು. ಅವನು ಎಲ್ಲರಿಗಿಂತ ಚಿಕ್ಕ ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಸಂಕದ ಬುಡದಲ್ಲಿದ್ದ. ಅವನ ದೊಡ್ಡ ಮಗಳು ಒಂದು ಕಾಲನ್ನು ಹಲಗೆಯ ಮೇಲೆ ಇಟ್ಟಾಗಿತ್ತು. ಗಿರಿಜಮ್ಮ ಹೋಗಿ ಅವಳ ಚೀಲ ಹಿಡಿದು ಹಿಂದಕ್ಕೆಳೆದರು. ದಾಟಬೇಡಿ, ಮೇಲೆ ಬನ್ನಿ ಎಂದರು. ಸುರೇಶನಿಗೆ ಸಿಟ್ಟು ಬಂತು.

“ಅಲ್ಲ ಗಿರಿಜಕ್ಕ, ನೀರು ಏರಿದಾಗ ದಾಟ್ಬೇಡ ಅಂತೀರಿ, ಇಳಿದಾಗ್ಲೂ ದಾಟ್ಬೇಡ ಅಂದ್ರೆ ಮತ್ತೆ ಯಾವಾಗ ದಾಟೋದು?”

“ಮಳೆ ಇಳಿದಿದ್ಯಾ ನೋಡು.”

ಅವನು ನೋಡಲಿಲ್ಲ. ನೋಡುವ ಅಗತ್ಯವಿರಲಿಲ್ಲ, ನಾವೆಲ್ಲ ಅದರಲ್ಲೇ ನಿಂತಿದ್ದೆವು.

“ಮಳೆ ಇಳೀದೆ ನೀರು ಹ್ಯಾಗೆ ಇಳೀತು ಮಾರಾಯ?” ಎಂದರು ಗಿರಿಜಮ್ಮ. ಏದುಸಿರಿನಲ್ಲೂ ಮೆಲ್ಲಗೇ ಹೇಳಿದರು. “ಆ ನೀರೆಲ್ಲ ಎಲ್ಲಿಗೆ ಹೋಯ್ತು?”

ಸುರೇಶ ನನ್ನ ಕಡೆ ತಿರುಗಿ, “ನೀವೇನಂತೀರಿ ಟೀಚರ್?” ಎಂದ.

ಇಲ್ಲಿ ನಾನು ನಿಜ ಹೇಳಬೇಕು. ಆ ಪ್ರಶ್ನೆ ಕಿವಿಗೆ ಬಿದ್ದಾಗ ನನಗೆ ಮೊದಲು ನೆನಪಾದದ್ದು ಮಕ್ಕಳಲ್ಲ, ಹಿಂದಿನ ವರ್ಷದ ಆ ರಜೆ. ಐದು ನಿಮಿಷದ ಹಿಂದೆ ಹೋಗಿ ಎಂದು ರುಜು ಹಾಕಿಸಿಕೊಂಡವಳು ಈಗ ಬೇಡ ಎಂದು, ಏನೂ ಆಗದೇ ಹೋದರೆ, ಊರವರು ಮತ್ತೆ ನಗುತ್ತಾರೆ. ಆ ಯೋಚನೆಗೆ ಎಷ್ಟು ಹೊತ್ತು ಹಿಡಿಯಿತೋ ಗೊತ್ತಿಲ್ಲ. ಗಿರಿಜಮ್ಮ ನನ್ನನ್ನು ನೋಡಲೇ ಇಲ್ಲ. ಹುಡುಗಿಯ ಚೀಲ ಹಿಡಿದು ಹಳ್ಳದ ಮೇಲ್ಭಾಗವನ್ನೇ ನೋಡುತ್ತಿದ್ದರು. ಅದನ್ನು ಕಂಡು ನಾನು, ವಾಪಸ್ ಬನ್ನಿ ಎಂದೆ.

ಸುರೇಶ ಗೊಣಗುತ್ತಲೇ ಬಂದ. ಮಕ್ಕಳೂ ಮುಖ ಊದಿಸಿಕೊಂಡು ಹತ್ತಿದರು. ನಾವು ಧ್ವಜಕಟ್ಟೆಯ ಹತ್ತಿರ ಬಂದಿದ್ದೆವು. ಮೊದಲು ಬಂದದ್ದು ವಾಸನೆ, ಆಗಷ್ಟೇ ಅಗೆದ ಹಸಿಮಣ್ಣಿನದು. ಆಮೇಲೆ ಸದ್ದು. ಲಾರಿಯಿಂದ ಜಲ್ಲಿ ಇಳಿಸುವಾಗಿನ ಸದ್ದನ್ನು ನಿಲ್ಲಿಸದೆ ಮುಂದುವರಿಸಿದರೆ ಹೇಗೋ ಹಾಗೆ. ತಿರುಗಿದೆವು. ಹಳ್ಳದಲ್ಲಿ ಬರುತ್ತಿದ್ದದ್ದನ್ನು ನೀರು ಎನ್ನಲಾಗದು. ಇಟ್ಟಿಗೆ ಬಣ್ಣದ ಕೆಸರು, ಬಂಡೆ, ಬೇರು ಸಮೇತ ನೆಟ್ಟಗೆ ನಿಂತೇ ಸಾಗಿಬರುತ್ತಿದ್ದ ಒಂದು ಮರ. ಸಂಕ ಯಾವಾಗ ಹೋಯಿತೆಂದು ನಾನು ನೋಡಲಿಲ್ಲ. ಒಮ್ಮೆ ನೋಡಿದಾಗ ಇತ್ತು, ಮತ್ತೆ ನೋಡಿದಾಗ ಅಲ್ಲಿ ದಡವೇ ಇರಲಿಲ್ಲ. ನಾವು ನಿಂತು ವಾದ ಮಾಡಿದ ಜಾಗವೂ ಇರಲಿಲ್ಲ.

ಸುರೇಶ ಹೆಗಲ ಮೇಲಿನ ಮಗುವನ್ನು ಇಳಿಸದೆ ಹಾಗೇ ಕೆಸರಿನಲ್ಲಿ ಕೂತ. ಗಿರಿಜಮ್ಮ ಒಂದೊಂದು ಮಗುವಿನ ತಲೆ ಮುಟ್ಟಿ ಎಣಿಸಿದರು. ನಾನು ಒಳಗೆ ಹೋಗಿ ಹಾಜರಿ ಪುಸ್ತಕ ಹಿಡಿದು ಎಣಿಸಿದೆ. ಹದಿನಾರು. ಸಾಲದೆಂದು ಇಬ್ಬರೂ ಇನ್ನೊಮ್ಮೆ ಎಣಿಸಿದೆವು.

ಮೇಲೆ ಗುಡ್ಡದ ಒಂದು ಮಗ್ಗುಲು ಜಾರಿ ಹಳ್ಳಕ್ಕೆ ಅಡ್ಡ ಬಿದ್ದಿತ್ತಂತೆ. ಸ್ವಲ್ಪ ಹೊತ್ತು ನೀರು ಅದರ ಹಿಂದೆ ನಿಂತು, ಮತ್ತೆ ಒಡೆದುಕೊಂಡು ಬಂತು. ಇದು ಆಮೇಲೆ ತಿಳಿದದ್ದು. ಆ ಗಳಿಗೆಯಲ್ಲಿ ಸುರೇಶನಿಗೆ ಹೊಳೆದದ್ದು ಬೇರೆ. ತಾನು ಮಕ್ಕಳನ್ನು ಕರೆತರಲು ಸಂಕ ದಾಟಿದ್ದನ್ನು ಆಚೆ ಮನೆಯವರೆಲ್ಲ ನೋಡಿದ್ದಾರೆ. ಈಗ ಸಂಕ ಇಲ್ಲ. ಫೋನಿಗೆ ಸಿಗ್ನಲ್ ಬೆಳಿಗ್ಗೆಯಿಂದಲೇ ಇರಲಿಲ್ಲ.

ಹೆಂಗಸರು ಆಚೆಯ ದಿಬ್ಬಕ್ಕೆ ಓಡಿ ಬರುತ್ತಿದ್ದದ್ದು ಕಂಡಿತು. ನಾಲ್ಕೈದು ಜನ. ಮುಂದಿದ್ದವಳು ಸುರೇಶನ ಹೆಂಡತಿ. ಕೂಗಿದರೆ ಕೇಳುವ ಹಾಗಿರಲಿಲ್ಲ. ಮಳೆಯ ಪರದೆಯಲ್ಲಿ ಮಕ್ಕಳು ಯಾರು ಯಾರೆಂದು ಅವರಿಗೆ ಸರಿಯಾಗಿ ಕಾಣುವ ಹಾಗೂ ಇರಲಿಲ್ಲ. ಸುರೇಶ ಎದ್ದ. ಹಳ್ಳದಾಚೆಯ ಮಕ್ಕಳನ್ನು ಧ್ವಜಕಟ್ಟೆಯ ಮೇಲೆ ಹತ್ತಿಸಿ, ಒಬ್ಬೊಬ್ಬರನ್ನಾಗಿ ಕಂಕುಳಲ್ಲಿ ಹಿಡಿದು ತಲೆಯ ಮೇಲಕ್ಕೆ ಎತ್ತಿ ತೋರಿಸಿದ. ಎತ್ತುವುದು, ಸ್ವಲ್ಪ ಹೊತ್ತು ಹಿಡಿಯುವುದು, ಇಳಿಸುವುದು. ಮತ್ತೊಬ್ಬರನ್ನು ಎತ್ತುವುದು. ನಾಲ್ಕನೇ ತರಗತಿಯ ದೊಡ್ಡ ಮಗಳನ್ನು ಎತ್ತುವಾಗ ಅವನ ಕಾಲು ಜಾರಿತು; ಆದರೂ ಎತ್ತಿದ. ಆ ದಡದಲ್ಲಿ ಹೆಂಗಸರು ಬೆರಳು ಮಡಚಿ ಎಣಿಸುತ್ತಿದ್ದರಂತೆ. ಏಳನೆಯ ಮಗು ಮೇಲೆ ಹೋದಾಗ ಅವನ ಹೆಂಡತಿ ನಿಂತಲ್ಲೇ ಕುಸಿದು ಕೂತಳು. ಉಳಿದವರು ಅವಳ ಸುತ್ತ ಕೂತರು.

ಸಂಜೆಗೆ ಎಸ್ಟೇಟಿನ ಜೀಪು ಬಂತು. ರಸ್ತೆಗೆ ಬಿದ್ದಿದ್ದ ಮರ ಕಡಿದು ಸರಿಸಿ, ದೀಪ ಹಚ್ಚುವ ಹೊತ್ತಿಗೆ ಮಕ್ಕಳನ್ನು ಮನೆ ಮುಟ್ಟಿಸಿದರು. ಜೀಪಿಗೆ ಕಾಯುವಾಗ ಗಿರಿಜಮ್ಮ ಎಲ್ಲರಿಗೂ ಬೆಲ್ಲದ ಕಾಫಿ ಮಾಡಿದರು. ನಿಮಗೆ ಹೇಗೆ ಗೊತ್ತಾಯಿತು ಎಂದು ಒಲೆಯ ಮುಂದೆ ಕೇಳಿದೆ. ಅವರ ತವರು ಕಳಸದಿಂದ ಮೇಲಿನ ಒಂದು ಊರು. ಚಿಕ್ಕವರಿದ್ದಾಗ ಒಂದು ಮಳೆಗಾಲದಲ್ಲಿ ಅಲ್ಲಿನ ಹಳ್ಳವೂ ಹೀಗೇ ನಿಂತಿತಂತೆ. ಬಂಡೆಗಳ ನಡುವೆ ಮೀನುಗಳು ಒದ್ದಾಡುತ್ತಿದ್ದವು. ಊರವರು ಬುಟ್ಟಿ ಹಿಡಿದು ಇಳಿದರು.

“ನಮ್ಮ ಚಿಕ್ಕಪ್ಪನೂ ಇಳಿದಿದ್ರು,” ಎಂದರು. ಕಾಫಿ ಸೋಸಲು ತಿರುಗಿದರು.

ಮರುದಿನ ವರದಿ ಬರೆಯಲು ಕೂತಾಗ, ಹಾಜರಿ ಪುಸ್ತಕದ ಬೈಂಡಿನ ಮೇಲೆ ಕಣ್ಣು ಬಿತ್ತು. ತರಬೇತಿಯಲ್ಲಿ ಕೊಟ್ಟ ಕಿರುಪುಸ್ತಕದ ನಾಲ್ಕನೇ ಪುಟ. ಗುಡ್ಡಕುಸಿತದ ಮುನ್ಸೂಚನೆಗಳು: ಮಳೆ ಜೋರಾಗಿರುವಾಗಲೇ ಹಳ್ಳದ ನೀರು ಇದ್ದಕ್ಕಿದ್ದಂತೆ ಕಡಿಮೆಯಾದರೆ ಹಳ್ಳದಿಂದ ದೂರ ಸರಿಯಿರಿ. ವರ್ಷವಿಡೀ ದಿನಾ ಬೆಳಿಗ್ಗೆ ಆ ಸಾಲಿನ ಮೇಲೆ ಕೈಯಿಟ್ಟು ನಾನು ಹಾಜರಿ ಕರೆದಿದ್ದೆ.

ವರದಿಯ ನಮೂನೆಯಲ್ಲಿ ಎರಡು ಕಾಲಂ ಇದ್ದವು. ಘಟನೆಯ ದಿನ ಯಾವ ಅಲರ್ಟ್ ಇತ್ತು? ಆರೆಂಜ್ ಎಂದು ಬರೆದೆ. ಯಾರ ಸೂಚನೆಯ ಮೇರೆಗೆ ಕ್ರಮ ಕೈಗೊಳ್ಳಲಾಯಿತು? ಗಿರಿಜಮ್ಮ, ಅಡುಗೆಯವರು ಎಂದು ಬರೆದೆ. ಕಚೇರಿಯಿಂದ ಕರೆ ಬಂತು. ಅಲ್ಲಿ ಅಧಿಕಾರಿಯ ಹೆಸರು ಬರಬೇಕಲ್ಲ, ನಿಮ್ಮ ಹೆಸರು ಹಾಕಿಕೊಳ್ಳಿ ಎಂದು ಒಳ್ಳೆಯ ಮಾತಿನಲ್ಲೇ ಹೇಳಿದರು. ಸುಳ್ಳು ಬರೆದರೆ ಮುಂದೆ ನಿಜವನ್ನೂ ನಂಬುವುದಿಲ್ಲ ಸರ್ ಎಂದು ಹೇಳಿ, ನಾನು ತಿದ್ದಲಿಲ್ಲ. ಅವರೂ ಮತ್ತೆ ಕೇಳಲಿಲ್ಲ.

ಆ ವಾರ ಗಿರಿಜಮ್ಮ, ಈ ಬಣ್ಣಗಳು ಅಂದರೇನು, ನನಗೂ ಸ್ವಲ್ಪ ಹೇಳಿ ಎಂದರು. ತರಕಾರಿ ಹೆಚ್ಚುತ್ತ ಕೇಳಿಸಿಕೊಂಡರು. ಹಳದಿಗೆ ಗಮನವಿರಲಿ ಎಂದೆ, ತಲೆಯಾಡಿಸಿದರು. ಆರೆಂಜಿಗೆ ಸಿದ್ಧರಾಗಿರಿ ಎಂದಾಗ ಕತ್ತಿ ನಿಲ್ಲಿಸಿದರು.

“ಏನಕ್ಕೆ ಸಿದ್ಧ ಆಗೋದು ಅಂತ ಬರ್ದಿಲ್ವಾ?”

ಇಲ್ಲ ಎಂದೆ.

“ಹಾಗಾದ್ರೆ ಅದನ್ನ ನಾವೇ ಬರ್ಕೋಬೇಕು ಟೀಚರ್. ಅವ್ರಿಗೆ ನಮ್ಮ ಹಳ್ಳ ಎಲ್ಲಿ ಗೊತ್ತು?”

ಬರೆದುಕೊಂಡೆವು. ಬಿಸಿಯೂಟದ ಪಟ್ಟಿಯ ಪಕ್ಕದ ಗೋಡೆಯ ಮೇಲೆ, ನನ್ನ ಕೈಬರಹದಲ್ಲಿ, ಅವರ ಮಾತಿನಲ್ಲಿ. ಹಳದಿಯಿದ್ದರೆ ತಾಸಿಗೊಮ್ಮೆ ಯಾರಾದರೂ ದೊಡ್ಡವರು ಜಗಲಿಯಿಂದ ಹಳ್ಳ ನೋಡುವುದು; ಏರಿದೆಯೋ, ಇಳಿದಿದೆಯೋ, ಬಣ್ಣ ಬದಲಾಯಿತೋ. ಆರೆಂಜಿದ್ದರೆ ಹಳ್ಳದಾಚೆಯವರು ಬರುವುದೂ ಹೋಗುವುದೂ ರಸ್ತೆಯಲ್ಲೇ, ಜೊತೆಗೆ ಒಬ್ಬರು ಹಿರಿಯರು. ಆಗದಿದ್ದರೆ ಮನೆಯಲ್ಲೇ ಇರುವುದು. ಕೆಂಪಿಗೆ ಆದೇಶ ಬರಲಿ ಬಾರದಿರಲಿ ಯಾರೂ ಹೊರಡುವುದಿಲ್ಲ, ಗುಡ್ಡದ ಬುಡದ ಎರಡು ಮನೆಯವರು ಶಾಲೆಯ ಕೋಣೆಗೆ ಬಂದಿರುವುದು. ಪೋಷಕರ ಸಭೆಯಲ್ಲಿ ಇದನ್ನು ಓದಿದಾಗ ನಾಲ್ಕು ಕಿಲೋಮೀಟರ್ ನಡೆಯುವುದಕ್ಕೆ ಕೆಲವರು ಬೇಸರಪಟ್ಟರು. ಸುರೇಶ ಹಿಂದಿನ ಬೆಂಚಿನಿಂದ ಎದ್ದು ಬಂದು ಗೋಡೆಯ ಮೇಲಿನದನ್ನು ಇನ್ನೊಮ್ಮೆ ಓದಿದ.

ಈಗ ಹಳ್ಳಕ್ಕೆ ಕಬ್ಬಿಣದ ಸಂಕ ಬಂದಿದೆ. ಮೊದಲಿಗಿಂತ ಎತ್ತರ, ಎರಡು ಬದಿಗೂ ಕಂಬಿ. ಕಳೆದ ಜುಲೈನಲ್ಲಿ ಒಂದು ದಿನ ಮತ್ತೆ ಆರೆಂಜ್ ಬಂತು. ಹಳ್ಳದಾಚೆಯ ಕೆಲವರು ಮಕ್ಕಳನ್ನು ಮನೆಯಲ್ಲೇ ಉಳಿಸಿಕೊಂಡರು. ಸುರೇಶ ಮಾತ್ರ ಕೆಲಸಕ್ಕೆ ತಡವಾಗಿ ಬರುತ್ತೇನೆಂದು ಮೇಸ್ತ್ರಿಗೆ ಹೇಳಿ, ಮೂವರನ್ನೂ ರಸ್ತೆಯಲ್ಲಿ ಸುತ್ತಿ ಕರೆತಂದ. ಅವತ್ತು ಒಂದು ಹನಿ ಬೀಳಲಿಲ್ಲ. ಹನ್ನೆರಡು ಗಂಟೆಗೆ ಮಕ್ಕಳು ಸ್ವೆಟರ್ ಬಿಚ್ಚಿ ಕಿಟಕಿಗೆ ನೇತುಹಾಕಿದರು. ಹಳ್ಳ ಪಾದ ಮುಳುಗುವಷ್ಟೇ ಹರಿಯುತ್ತಿತ್ತು.

ಸಂಜೆ ಅವನು ಮತ್ತೆ ಬಂದ. ಬಂದದ್ದೂ ರಸ್ತೆಯಲ್ಲೇ, ಬೆನ್ನೆಲ್ಲ ಬೆವರಿತ್ತು. ನನಗೆ ತಪ್ಪಿತಸ್ಥಳಂತೆ ಅನ್ನಿಸಿತು. ಹೋಟೆಲಿನಲ್ಲಿ ನಕ್ಕಿದ್ದು, ರಜೆ ಕಳಿಸಿದ್ದು, ಎಲ್ಲ ಒಟ್ಟಿಗೆ ನೆನಪಾಯಿತು. ಹೊಸ ಸಂಕ ಎದುರಿಗೇ ಬಿಸಿಲಿನಲ್ಲಿ ಹೊಳೆಯುತ್ತಿತ್ತು.

“ಇವತ್ತು ನಿಮ್ಮನ್ನ ಸುಮ್ಮನೆ ನಡೆಸಿದ ಹಾಗಾಯ್ತು ಸುರೇಶ,” ಎಂದೆ.

ಅವನು ಚಿಕ್ಕವಳ ಚೀಲವನ್ನು ತನ್ನ ಹೆಗಲಿಗೆ ಹಾಕಿಕೊಳ್ಳುತ್ತಿದ್ದ.

“ಸುಮ್ನೆ ಆಗ್ಲಿ ಅಂತಾನೇ ಅಲ್ವಾ ಟೀಚರ್, ನಡೆಯೋದು,” ಎಂದು ಹೇಳಿ, ಮೂವರನ್ನೂ ಮುಂದೆ ಬಿಟ್ಟುಕೊಂಡು ರಸ್ತೆಯ ಕಡೆ ತಿರುಗಿದ.